ಜಪಮಾಲೆ ಹೆಣೆಯುವ ಕೈಗೂ ಬಿಡುವು ಬೇಕು: ಪ್ರಾರ್ಥನೆ, ಆರೋಗ್ಯ, ಕೈಕೆಲಸ ಒಟ್ಟಿಗೆ ಹೇಗೆ?

ಬೆಳಗ್ಗೆ ಅರ್ಧ ಗಂಟೆ ಪ್ರಾರ್ಥನೆ, ಅರ್ಧ ಗಂಟೆ ವಾಕಿಂಗ್, ಮಧ್ಯಾಹ್ನ ಒಂದು ಗಂಟೆ ಕ್ರೋಶಾ ಅಂತ ಟೈಮ್‌ಟೇಬಲ್ ಬರೆದು ಫ್ರಿಜ್ ಮೇಲೆ ಅಂಟಿಸಿದವರು ತುಂಬಾ ಜನ ಇದ್ದಾರೆ. ಒಂದು ವಾರ ನಡೆಯುತ್ತದೆ. ಆಮೇಲೆ ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ನಲ್ಲಿ ನೀರಿನ ಹೊತ್ತು ಬದಲಾಗುತ್ತದೆ. ಮೊದಲು ವಾಕಿಂಗ್ ನಿಲ್ಲುತ್ತದೆ, ಹಿಂದೆಯೇ ಪ್ರಾರ್ಥನೆ. ಕೈಕೆಲಸ ಮಾತ್ರ ನಿಲ್ಲುವುದಿಲ್ಲ, ಅದರಲ್ಲಿ ಆಸೆ ಇರುತ್ತದೆ, ಕೆಲವರಿಗೆ ನಾಲ್ಕು ಕಾಸೂ ಬರುತ್ತದೆ.

ಅದಕ್ಕೇ ಮೂರಕ್ಕೂ ಬೇರೆ ಬೇರೆ ಹೊತ್ತು ಹುಡುಕಬೇಡಿ. ಒಂದು ಇನ್ನೊಂದಕ್ಕೆ ಗಡಿಯಾರ ಆಗಲಿ. ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನು ಪ್ರಾರ್ಥನೆ ಹೇಳಲಿ, ಎಷ್ಟು ಕೆಲಸ ಒಪ್ಪಿಕೊಳ್ಳಬೇಕು ಅನ್ನುವುದನ್ನು ಮೈ ಹೇಳಲಿ. ಇದಕ್ಕೆ ಗಂಟಿನ ಜಪಮಾಲೆಗಿಂತ, ಅಂದರೆ ಕಥೋಲಿಕರ ರೋಸರಿಯನ್ನು ದಾರದ ಗಂಟಿನಲ್ಲೇ ಮಾಡುವುದಕ್ಕಿಂತ, ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಬೇಕಾಗುವುದು ಸುಮಾರು 2 ಮಿಲಿಮೀಟರ್ ದಪ್ಪದ ನೈಲಾನ್ ದಾರ, ಆರೂವರೆ ಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬಣ್ಣ ಜಾಸ್ತಿ ಬೇಕಿದ್ದರೆ ಮಣಿ, ಲೇಸು ಮಾರುವ ಅಂಗಡಿಗೆ ಹೋಗಿ. ಹತ್ತಿ ದಾರ ನೋಡಲು ಚೆಂದ, ಆದರೆ ಬೆವರು ಹೀರುತ್ತದೆ, ತುದಿ ಬಿಚ್ಚಿಕೊಳ್ಳುತ್ತದೆ. ನೈಲಾನ್ ಆದರೆ ಸೋಪು ಹಾಕಿ ತೊಳೆಯಬಹುದು, ತುದಿಯನ್ನು ಬೆಂಕಿಗೆ ಹಿಡಿದರೆ ಕರಗಿ ಅಂಟಿಕೊಳ್ಳುತ್ತದೆ. ಒಂದು ಚಿಕ್ಕ ಶಿಲುಬೆ, ಒಂದು ಕತ್ತರಿ, ಇಷ್ಟೇ. ಮಣಿ ಬೇಡ, ಗಂಟೇ ಮಣಿ.

ಒಂದು ಗೇಣು ದಾರ ಬಿಟ್ಟು ಶುರು ಮಾಡಿ. ಎಡಗೈ ತೋರುಬೆರಳಿಗೆ ದಾರವನ್ನು ಸಡಿಲವಾಗಿ ಮೂರು ಸುತ್ತು ಹಾಕಿ. ಸುತ್ತುಗಳು ಪಕ್ಕಪಕ್ಕ ಇರಲಿ, ಒಂದರ ಮೇಲೊಂದು ಏರಬಾರದು. ಈಗ ಉದ್ದದ ತುದಿಯನ್ನು ಮೊದಲ ಸುತ್ತು ಶುರುವಾದ ಕಡೆಗೆ ತಂದು, ಅಲ್ಲಿಂದ ಮೂರೂ ಸುತ್ತುಗಳ ಒಳಗೆ ತೂರಿಸಿ, ಕೊನೆಯ ಸುತ್ತಿನ ಕಡೆ ಹೊರಗೆ ಎಳೆಯಿರಿ. ಬೆರಳಿನಿಂದ ಮೆಲ್ಲಗೆ ಜಾರಿಸಿ, ಎರಡೂ ಕಡೆ ಎಳೆಯುತ್ತಾ ಬೆರಳುಗಳ ನಡುವೆ ಹೊರಳಿಸಿದರೆ ಗಂಟು ಪುಟ್ಟ ಪೀಪಾಯಿಯ ಹಾಗೆ ಕೂರುತ್ತದೆ. ಎಳೆದಾಗ ಗಂಟೇ ಬೀಳದೆ ದಾರ ನೇರವಾಗಿಬಿಟ್ಟರೆ ತುದಿ ತಪ್ಪು ಕಡೆಯಿಂದ ನುಗ್ಗಿದೆ ಅಂತ ಅರ್ಥ, ಸುಮ್ನೆ ಮತ್ತೆ ಸುತ್ತಿ. ಪೂರ್ತಿ ಬಿಗಿಯುವ ಮೊದಲು ಗಂಟನ್ನು ಹಿಂದಿನ ಗಂಟಿನ ಹತ್ತಿರಕ್ಕೆ ಸರಿಸಿಕೊಳ್ಳಿ, ಬಿಗಿದ ಮೇಲೆ ಅದು ಅಲ್ಲಾಡುವುದಿಲ್ಲ.

ಹೀಗೆ ಹತ್ತು ಗಂಟು, ಸ್ವಲ್ಪ ಜಾಗ, ಐದು ಸುತ್ತಿನ ಒಂದು ದೊಡ್ಡ ಗಂಟು, ಮತ್ತೆ ಸ್ವಲ್ಪ ಜಾಗ, ಮತ್ತೆ ಹತ್ತು. ಐದು ಹತ್ತುಗಳಾಗುವಾಗ ನಡುವೆ ನಾಲ್ಕು ದೊಡ್ಡ ಗಂಟು ಬಂದಿರುತ್ತವೆ. ಎರಡೂ ತುದಿ ಸೇರಿಸಿ ಗಂಟು ಹಾಕಿ ಮಾಲೆ ಮಾಡಿ. ಉಳಿದ ಉದ್ದದ ದಾರದಲ್ಲಿ ಒಂದು ದೊಡ್ಡದು, ಮೂರು ಚಿಕ್ಕದು, ಇನ್ನೊಂದು ದೊಡ್ಡದು, ಕೊನೆಗೆ ಶಿಲುಬೆ. ಎಣಿಸಿ ನೋಡಿ: ನಮೋ ಮರಿಯಕ್ಕೆ (ಮಾತೆ ಮರಿಯಳಿಗೆ ಹೇಳುವ ಜಪ) ಚಿಕ್ಕ ಗಂಟು 53, ಪರಲೋಕ ಪ್ರಾರ್ಥನೆಗೆ (ಯೇಸು ಕಲಿಸಿದ ಪ್ರಾರ್ಥನೆ) ದೊಡ್ಡ ಗಂಟು 6, ಒಟ್ಟು 59. ಲೆಕ್ಕ ತಪ್ಪಿದ ಜಪಮಾಲೆಯನ್ನು ಯಾರಿಗೂ ಕೊಡಬೇಡಿ. ಮನೆಯ ಅಜ್ಜಿಗೆ ಕಣ್ಣು ಮುಚ್ಚಿಕೊಂಡೇ ಹನ್ನೊಂದನೇ ಗಂಟು ಗೊತ್ತಾಗುತ್ತದೆ, ಆಮೇಲೆ ನಿಮ್ಮ ಕಥೆ ಅಷ್ಟೇ.

ಈಗ ಪ್ರಾರ್ಥನೆ. ಗಂಟು ಕಲಿಯುವಾಗಲೇ ಜಪ ಹೇಳಲು ಹೋಗಬೇಡಿ, ಎರಡೂ ಕೆಡುತ್ತವೆ. ಮೊದಲು ಕೈಗೆ ಕೆಲಸ ಕೂರಲಿ. ಬೆರಳು ತಾನಾಗಿ ಓಡತೊಡಗಿದ ಮೇಲೆ ಒಂದು ಗಂಟಿಗೆ ಒಂದು ನಮೋ ಮರಿಯ ಹೇಳಿ. ನಿಮ್ಮ ಗಡಿಯಾರ ಇದೇ. ಒಂದು ರಹಸ್ಯ ಮುಗಿಯಿತೋ, ಅಂದರೆ ಹತ್ತು ಗಂಟಾಯಿತೋ, ದಾರ ಕೆಳಗಿಡಿ. ಬೆರಳು ಪೂರ್ತಿ ಬಿಚ್ಚಿ, ಮುಷ್ಟಿ ಕಟ್ಟಿ, ಮತ್ತೆ ಬಿಚ್ಚಿ. ಭುಜ ಕಿವಿಯ ಹತ್ತಿರ ಏರಿರುತ್ತದೆ, ಇಳಿಸಿ. ಕಿಟಕಿಯಾಚೆ ದೂರದ ಏನನ್ನಾದರೂ ನೋಡಿ. ಕಣ್ಣಿನ ಡಾಕ್ಟರು ಕಂಪ್ಯೂಟರ್ ಮುಂದೆ ಕೂರುವವರಿಗೆ ಹೇಳುತ್ತಾರಲ್ಲ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ ಅಂತ, ಹೆಣೆಯುವವರಿಗೂ ಅದು ಸರಿಯಾಗಿ ಹೊಂದುತ್ತದೆ. ಐದು ರಹಸ್ಯ ಮುಗಿದರೆ ಎದ್ದುಬಿಡಿ. "ಇನ್ನೊಂದು ಹತ್ತು ಹಾಕಿಬಿಡ್ತೀನಿ" ಅನ್ನುವ ಆಸೆ ಬರುತ್ತದೆ, ಬಂದೇ ಬರುತ್ತದೆ. ಆ ಆಸೆಯಿಂದಲೇ ಮಣಿಕಟ್ಟು ಹಾಳಾಗುವುದು.

ಮಣಿಕಟ್ಟಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗಂಟು ಬಿಗಿಯುವಾಗ, ಕ್ರೋಶಾ ಕಡ್ಡಿ ಹಿಡಿಯುವಾಗ ಹೆಚ್ಚು ದುಡಿಯುವುದು ಹೆಬ್ಬೆರಳು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ ನೋವು ಶುರುವಾದರೆ ಒಂದು ಪರೀಕ್ಷೆ ಮಾಡಿ ನೋಡಿ: ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿ. ಅಲ್ಲಿ ಚುಚ್ಚಿದ ಹಾಗೆ ನೋವಾದರೆ ಕೆಲಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಂ ಅಂತ ಮರಗಟ್ಟಿ ಎಚ್ಚರವಾಗುತ್ತಿದ್ದರೆ ಅದು ಬೇರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು, ಅದನ್ನೂ ತೋರಿಸಬೇಕು. ಎಣ್ಣೆ ತಿಕ್ಕಿಕೊಂಡು ತಿಂಗಳುಗಟ್ಟಲೆ ಹೆಣೆಯುತ್ತಾ ಕೂರುವುದು ಭಕ್ತಿ ಅಲ್ಲ. ಬರಿಗೈಯಲ್ಲಿ ಬಿಗಿಯುವ ಬದಲು ದಾರದ ತುದಿಗೆ ಬಟ್ಟೆ ಸುತ್ತಿಕೊಂಡು ಎಳೆಯಿರಿ, ಇಲ್ಲವೇ ಚಿಕ್ಕ ಇಕ್ಕಳ ಬಳಸಿ. ಕ್ರೋಶಾ ಕಡ್ಡಿಗೆ ದಪ್ಪ ಹಿಡಿ ಇರುವುದನ್ನೇ ಕೊಳ್ಳಿ. ಚಾಳೀಸು ಬಂದಿದ್ದರೆ ಕನ್ನಡಕ ಹಾಕಿಕೊಳ್ಳಿ. ನಾಚಿಕೆಪಟ್ಟು ಬಗ್ಗಿ ಬಗ್ಗಿ ನೋಡಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇನ್ನು ಮೊಣಕಾಲು ನೋಯುವವರು ಮೊಣಕಾಲೂರಿಯೇ ಜಪ ಹೇಳಬೇಕಿಲ್ಲ, ಕುರ್ಚಿ ಮೇಲೆ ಕೂತು ಹೇಳಿದರೂ ಅಷ್ಟೇ ಕೇಳಿಸುತ್ತದೆ.

ಮುಗಿದ ಜಪಮಾಲೆಯನ್ನು ಕೈಯಲ್ಲಿ ಹಿಡಿದು ನಡೆಯಿರಿ. ಐದು ರಹಸ್ಯಕ್ಕೆ 15ರಿಂದ 20 ನಿಮಿಷ ಬೇಕು, ಊಟವಾದ ಮೇಲಿನ ನಡಿಗೆಗೂ ಅಷ್ಟು ಹೊತ್ತು ಸಾಕು. ಊಟದ ನಂತರದ ನಡಿಗೆ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ, ಇದು ಡಯಾಬಿಟಿಸ್ ಇರುವವರಿಗೆ ಗೊತ್ತಿರುವ ವಿಷಯವೇ. ನಡೆಯುತ್ತಾ ಹೇಳಿದರೆ ಗಮನ ಚದುರುತ್ತದೆ ಅನ್ನುವವರಿದ್ದಾರೆ, ಕೂತು ಹೇಳಿದರೆ ನಿದ್ದೆ ಬರುತ್ತದೆ ಅಲ್ವಾ, ಅದಕ್ಕೇನಂತೀರಿ? ಮನೆಯವರೆಲ್ಲ ಸೇರಿ ಸಂಜೆ ಜಪಮಾಲೆ ಹೇಳುವ ಪದ್ಧತಿ ಇದ್ದರೆ ಅದನ್ನು ಬಿಡಬೇಡಿ, ನಡಿಗೆಯದು ಬೇರೆ ಇರಲಿ.

ಉಸಿರಿನ ವಿಷಯವೂ ಇದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 23 ಮಂದಿ ಆರೋಗ್ಯವಂತರಿಗೆ ನಮೋ ಮರಿಯವನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, ಯೋಗದ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ 6ರ ಸುಮಾರಿಗೆ ಇಳಿಯಿತು, ಹೃದಯದ ಲಯಕ್ಕೂ ಒಳ್ಳೆಯದಾಯಿತು. ಒಬ್ಬರು ಮೊದಲರ್ಧ, ಉಳಿದವರು ಎರಡನೆಯರ್ಧ ಹೇಳುವ ನಮ್ಮ ಪದ್ಧತಿಯಲ್ಲಿ ಆ ಲಯ ಇದ್ದೇ ಇದೆ. 23 ಮಂದಿ ಅಂದರೆ ಚಿಕ್ಕ ಗುಂಪು, ಇದನ್ನು ನಂಬಿ ಬಿಪಿ ಮಾತ್ರೆ ಬಿಡಬೇಡಿ. ಆದರೆ ಬಸ್ಸು ತಪ್ಪುವವರ ಹಾಗೆ ಗಡಬಡಿಸಿ ಹೇಳುವುದನ್ನಾದರೂ ಬಿಡಬಹುದು.

ಈಗ ಉಪವಾಸ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಮಾತ್ರೆ ತಿನ್ನುವ ಅಮ್ಮಂದಿರು ಅತ್ತೆಯಂದಿರು ಯಾರಿಗೂ ಹೇಳದೆ ಊಟ ಬಿಡುತ್ತಾರೆ, ಇದು ಪ್ರತಿ ಮನೆಯಲ್ಲೂ ಇದೆ. ಕಥೋಲಿಕ ಧರ್ಮಸಭೆಯ ನಿಯಮವನ್ನು ಅವರಿಗೆ ಓದಿ ಹೇಳಿ. ಉಪವಾಸ ಕಡ್ಡಾಯ ಇರುವುದು ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18ರಿಂದ 59 ವರ್ಷದವರಿಗೆ. ಉಪವಾಸ ಅಂದರೆ ಒಂದು ಪೂರ್ತಿ ಊಟ, ಎರಡು ಸಣ್ಣ ಊಟ, ಬರೀ ನೀರು ಅಲ್ಲ. ಕಾಯಿಲೆ ಇರುವವರಿಗೆ ವಿನಾಯಿತಿ ಇದೆ. ಅರವತ್ತು ದಾಟಿದ ಸಕ್ಕರೆ ಕಾಯಿಲೆಯ ಅತ್ತೆಗೆ ಎರಡು ಕಡೆಯಿಂದಲೂ ಬಿಡುಗಡೆ ಸಿಕ್ಕಿದೆ! ಅವರು ಒಪ್ಪುವುದಿಲ್ಲ, ಗೊತ್ತು. "ಫಾದರ್ ಹತ್ತಿರ ಕೇಳಿ ಅತ್ತೆ" ಅಂದುಬಿಡಿ, ನಿಮ್ಮ ಮಾತಿಗಿಂತ ಅದು ನಡೆಯುತ್ತದೆ. ಊಟದ ಬದಲು ಟೀವಿ ಧಾರಾವಾಹಿ ಬಿಡಬಹುದು, ಆ ಹೊತ್ತಿನಲ್ಲಿ ಆಸ್ಪತ್ರೆಯ ರೋಗಿಗಳಿಗೆ ಜಪಮಾಲೆ ಹೆಣೆಯಬಹುದು. ತ್ಯಾಗವೂ ಆಯಿತು, ಅನ್ನವೂ ಉಳಿಯಿತು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು. ಹೆಣೆಯುತ್ತಾ ಕೂತಾಗ ಊಟದ ಹೊತ್ತು ಮೀರುವುದೂ ಅಷ್ಟೇ ಅಪಾಯ. ಕೈ ನಡುಕ, ಬೆವರು, ಕಣ್ಣು ಮಂಜು ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷಿಸಿ. ದಾರದ ಬುಟ್ಟಿಯಲ್ಲೇ ಸಕ್ಕರೆಯ ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಹಳೆಯ ಡಯಾಬಿಟಿಸ್ ಇರುವವರ ಬೆರಳಿಗೆ ಸ್ಪರ್ಶ ಕಡಿಮೆ ಇರುತ್ತದೆ, ನೈಲಾನ್ ತುದಿ ಕರಗಿಸುವ ಕೆಲಸವನ್ನು ಬೇರೆಯವರಿಂದ ಮಾಡಿಸಿ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಕಥೋಲಿಕರಲ್ಲದ ಇತರ ಸಭೆಗಳವರು "ನಮ್ಮಲ್ಲಿ ಜಪಮಾಲೆ ಇಲ್ವಲ್ಲ" ಅನ್ನಬಹುದು. ನಿಮಗೆ ಬೈಬಲಿನ ಕೀರ್ತನೆಗಳಿವೆ. ಕ್ರೋಶಾದ ಒಂದು ಸಾಲಿಗೆ ಒಂದು ವಚನ, ಒಂದು ಕೀರ್ತನೆ ಮುಗಿದರೆ ಕೈ ಬಿಚ್ಚುವುದು. ಇಪ್ಪತ್ತಮೂರನೆಯದು ಆರೇ ವಚನ, ಶುರು ಮಾಡಲು ಸಾಕು. ನೂರ ಹತ್ತೊಂಬತ್ತನೆಯದನ್ನು ಮಾತ್ರ ಆರಿಸಬೇಡಿ, ಅದರಲ್ಲಿ 176 ವಚನ ಇವೆ! ಸೂಜಿ ಕೆಲಸದವರಿಗೆ ಬೈಬಲಿನಲ್ಲಿ ಒಬ್ಬಳು ದೊಡ್ಡಕ್ಕ ಇದ್ದಾಳೆ, ಯೊಪ್ಪ ಅನ್ನುವ ಊರಿನ ದೊರ್ಕ. ವಿಧವೆಯರಿಗೆ ಬಟ್ಟೆ ಹೊಲಿದುಕೊಟ್ಟವಳು. ಅವಳ ಕಥೆಯನ್ನು ಮಹಿಳಾ ಕೂಟಗಳಲ್ಲಿ ತುಂಬಾ ಹೇಳುತ್ತಾರೆ, ಆದರೆ ಅವಳು ಕಾಯಿಲೆ ಬಿದ್ದು ಸತ್ತಳು ಅನ್ನುವ ಸಾಲನ್ನು ಬೇಗ ದಾಟಿಬಿಡುತ್ತಾರೆ. ಅವಳನ್ನು ಎಬ್ಬಿಸಲು ಯೇಸುವಿನ ಶಿಷ್ಯ ಪೇತ್ರ ಬಂದ. ನಮಗೆ ಮೂಳೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದೇ ಮುಂದಿನ ವಾರ.

ಭಾನುವಾರ ಬುಟ್ಟಿ ಮುಚ್ಚಿಡಿ. ಸುಮ್ನೆ ಖುಷಿಗೆ ಹೆಣೆದರೆ ಪಾಪವೇನಿಲ್ಲ, ಆದರೆ ಕೈಗೆ ವಾರಕ್ಕೊಂದು ಪೂರ್ತಿ ರಜೆ ಬೇಕು, ಆ ರಜೆಗೆ ದಿನ ಆಗಲೇ ಗೊತ್ತಾಗಿದೆ.

ಆದರೆ ವರ್ಷದಲ್ಲಿ ಎರಡು ಸಲ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಒಂದು ಅಕ್ಟೋಬರ್, ಜಪಮಾಲೆಯ ತಿಂಗಳು, 7ನೇ ತಾರೀಖು ಜಪಮಾಲೆ ಮಾತೆಯ ಹಬ್ಬ, ಎಲ್ಲರಿಗೂ ಆಗಲೇ ಬೇಕು. ಇನ್ನೊಂದು ಡಿಸೆಂಬರ್. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಬೇಕು, ನಕ್ಷತ್ರ ಅಂಟಿಸಬೇಕು, ಕೇಕು ಮಾಡಬೇಕು, ಕರಾವಳಿಯಾದರೆ ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿಗಳಿಗೆಂದು ನೆವ್ರಿ, ಕಿಡಿಯೊ ಕರಿಯಬೇಕು, ಇದರ ಮಧ್ಯೆ ಕ್ವಯರ್ ಪ್ರಾಕ್ಟೀಸು. ನಿದ್ದೆ ಕಡಿಮೆ, ಸಿಹಿ ಜಾಸ್ತಿ, ಪ್ರಾರ್ಥನೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಮೊದಲ ಭಾನುವಾರದ ನಂತರ ಹೊಸ ಆರ್ಡರ್ ತೆಗೆದುಕೊಳ್ಳಬೇಡಿ. ಬೇಡ ಅಂದರೆ ಬೇಡ, ಫಾದರ್ ಕೇಳಿದರೂ, ಸಿಸ್ಟರ್ ಕೇಳಿದರೂ. ಗೋದಲಿಯ ಹುಲ್ಲಿಗೆ ಕ್ರಿಸ್ಮಸ್‌ಗೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಮಕ್ಕಳಿಗೆ ನೀರು ಚಿಮುಕಿಸಲು ಹೇಳಿ, ಒಂದು ಕೆಲಸ ನಿಮ್ಮ ತಲೆಯಿಂದ ಇಳಿಯುತ್ತದೆ. ಎಲ್ಲ ಗೊಂಬೆಯನ್ನೂ ಕೈಯಲ್ಲೇ ಮಾಡುವ ಹಟ ಬೇಡ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಹುಲ್ಲು ತುಂಬಿದ ಕೊಟ್ಟಿಗೆ, ಒಂದು ಎತ್ತು, ಒಂದು ಕತ್ತೆ ಇದ್ದವು, ಅಷ್ಟಕ್ಕೇ ಜನ ಸೇರಿದ್ದರು.

ಕೊನೆಗೆ ದುಡ್ಡಿನ ವಿಷಯ. ಮಾರುವುದಾದರೆ ದಾರ, ಶಿಲುಬೆ, ನಿಮ್ಮ ಹೊತ್ತು ಮೂರನ್ನೂ ಸೇರಿಸಿ ಬೆಲೆ ಹೇಳಿ. "ಪ್ರಾರ್ಥನೆಯ ವಸ್ತು, ಇದಕ್ಕೂ ದುಡ್ಡಾ?" ಅಂತ ಕೇಳುವವರು ಇರುತ್ತಾರೆ. ಬೈಬಲಿನ ಪೌಲನೂ ಗುಡಾರ ಹೊಲಿದು ದುಡಿದು ತಿಂದವನೇ, ಹೊಲಿಗೆಗೆ ಕೂಲಿ ಇದೆ ಅನ್ನಿ. ಆದರೆ ಆಶೀರ್ವಾದ ಮಾಡಿಸಿ ಮಾರಬೇಡಿ. ಮೊದಲು ಕೊಟ್ಟುಬಿಡಿ, ಕೊಂಡವರು ತಮ್ಮ ಚರ್ಚಿನಲ್ಲಿ ಫಾದರ್ ಕೈಯಲ್ಲಿ ಆಶೀರ್ವಾದ ಮಾಡಿಸಿಕೊಳ್ಳಲಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಬಳಿಗೋ, ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾಗೋ ಹರಕೆಗೆಂದು ಒಟ್ಟಿಗೆ ಐವತ್ತು ನೂರು ಕೇಳುವವರಿರುತ್ತಾರೆ. ಅಂಥವರಿಗೆ ಜೂನ್‌ನಲ್ಲೇ ಬಂದು ಹೇಳಲು ಹೇಳಿ, ಇಲ್ಲವೇ ದಾರ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಗಂಟು ಹಾಕುವುದನ್ನು ಕಲಿಸಿಬಿಡಿ.