ಐಸ್ ಪ್ಲಾಂಟಿನ ಲೆಕ್ಕದಲ್ಲಿ ಡೆಫರ್ಡ್ ಟ್ಯಾಕ್ಸ್ ಹಿಡಿಯುವುದು

ಕಾರವಾರದ ಬೈತಖೋಲ್ ಬಂದರಿನ ಬೋಟುಗಳಿಗೆ ಐಸ್ ಕೊಡುವ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದನ್ನು ಊಹಿಸಿಕೊಳ್ಳಿ. ₹20 ಲಕ್ಷದ ಹೊಸ ಕಂಪ್ರೆಸರ್ 2024ರ ಅಕ್ಟೋಬರ್ 20ಕ್ಕೆ ಚಾಲೂ ಆಯಿತು. 2025ರ ಮಾರ್ಚ್ 31ಕ್ಕೆ ಅದಕ್ಕೆ ಎರಡು ಬೆಲೆ: ಕಂಪನಿ ಪುಸ್ತಕದಲ್ಲಿ ಒಂದು, ತೆರಿಗೆ ಲೆಕ್ಕದಲ್ಲಿ ಇನ್ನೊಂದು. ಈ ವ್ಯತ್ಯಾಸದಿಂದ ಮುಂದಿನ ವರ್ಷಗಳಿಗೆ ಹೋಗುವ ತೆರಿಗೆಯೇ ಡೆಫರ್ಡ್ ಟ್ಯಾಕ್ಸ್. ಅದನ್ನು ಪುಸ್ತಕಕ್ಕೆ ಹಿಡಿಯುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 22ರ ಕೆಲಸ ಇಲ್ಲಿಂದ ಶುರು.

ಪುಸ್ತಕದಲ್ಲಿ ಕಂಪನಿ ಕಾಯ್ದೆಯ ಷೆಡ್ಯೂಲ್ 2ರಂತೆ ಯಂತ್ರದ ಆಯುಷ್ಯ 15 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 5. ಸ್ಟ್ರೇಟ್ ಲೈನ್ (ಪ್ರತಿ ವರ್ಷ ಒಂದೇ ಮೊತ್ತ) ಹಿಡಿದರೆ ಸವಕಳಿ ವರ್ಷಕ್ಕೆ ₹1,26,667, 163 ದಿನಕ್ಕೆ ₹56,566. (ಇದು ಒಂದೇ ಪಾಳಿಯ ಲೆಕ್ಕ. ಸೀಸನ್ನಿನಲ್ಲಿ ಎರಡು ಪಾಳಿ ಓಡಿಸಿದರೆ ಆ ದಿನಗಳಿಗೆ ಶೇ 50 ಹೆಚ್ಚು.) ತೆರಿಗೆಯಲ್ಲಿ ಸವಕಳಿ ದರ ಶೇ 15. ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದ್ದರಿಂದ ಅರ್ಧವೇ ಸಿಗುತ್ತದೆ, ₹1,50,000. ಅಕ್ಟೋಬರ್ 3ರೊಳಗೆ ಓಡಿಸಿದ್ದರೆ ಪೂರ್ತಿ ಮೂರು ಲಕ್ಷ ಸಿಗುತ್ತಿತ್ತು.

ವ್ಯತ್ಯಾಸ ₹93,434. ತಾಳೆ ನೋಡಲು ಪುಸ್ತಕದ ಬಾಕಿ ₹19,43,434ರಲ್ಲಿ ತೆರಿಗೆಯ ಬಾಕಿ ₹18,50,000 ಕಳೆಯಿರಿ. ಅದೇ ಅಂಕಿ ಬರಬೇಕು. ಕಂಪನಿ ಆ ವರ್ಷಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115ಬಿಎಎ (ಕೆಲವು ರಿಯಾಯಿತಿ ಬಿಟ್ಟುಕೊಟ್ಟರೆ ಸಿಗುವ ಕಡಿಮೆ ದರ) ಆಯ್ದುಕೊಂಡಿದ್ದರೆ ತೆರಿಗೆ ದರ ಸರ್ಚಾರ್ಜ್, ಸೆಸ್ ಸೇರಿ ಶೇ 25.168. ಬರೇ ಮೂಲ ದರ ಶೇ 22 ಹಾಕಿ ಮುಗಿಸುವವರೂ ಇದ್ದಾರೆ. ಈ ದರದಲ್ಲಿ ಡೆಫರ್ಡ್ ಟ್ಯಾಕ್ಸ್ ಹೊಣೆ (ಮುಂದೆ ಕಟ್ಟಬೇಕಾದ ತೆರಿಗೆ) ₹23,515.

ಇನ್ನು ಖರ್ಚಿನ ಬದಿ. ಗ್ರಾಚ್ಯುಟಿಗೆ ತೆಗೆದಿಟ್ಟ ₹80,000ಕ್ಕೆ ಹಣ ಕೊಟ್ಟ ವರ್ಷವೇ ತೆರಿಗೆ ವಿನಾಯಿತಿ, ಹಾಗಾಗಿ ಡೆಫರ್ಡ್ ಟ್ಯಾಕ್ಸ್ ಆಸ್ತಿ (ಮುಂದೆ ಉಳಿತಾಯವಾಗುವ ತೆರಿಗೆ) ₹20,134. ಬೋನಸ್ಸಿನಲ್ಲಿ ಎಡವುವುದುಂಟು: ಮಾರ್ಚಿನಲ್ಲಿ ಬಾಕಿಯಿದ್ದರೂ ಚೌತಿಗೆ ಕೊಟ್ಟು, ರಿಟರ್ನ್ ಗಡುವಿನೊಳಗೆ ಮುಗಿಸಿದರೆ ಅದೇ ವರ್ಷ ಒಪ್ಪುತ್ತಾರೆ, ವ್ಯತ್ಯಾಸವೇ ಇಲ್ಲ. ರಿಪೇರಿ ಮಾಡಿದ ಸಣ್ಣ ವರ್ಕ್‌ಶಾಪಿನ ಬಿಲ್ಲಿಗೆ ಈ ರಿಯಾಯಿತಿ ಇಲ್ಲ. ಅದು ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ನೋಂದಣಿಯ ಮೈಕ್ರೋ ಅಥವಾ ಸ್ಮಾಲ್ ಘಟಕವಾಗಿದ್ದು, ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ ದಾಟಿ ಮಾರ್ಚ್ 31ಕ್ಕೂ ಬಾಕಿಯಿದ್ದರೆ, ಹಣ ಕೊಟ್ಟ ವರ್ಷಕ್ಕೇ ಖರ್ಚು. ದಂಡ, ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಯ ಖರ್ಚು) ಇವೆಲ್ಲ ಎಂದೂ ತಿರುಗಿ ಬರದ ವ್ಯತ್ಯಾಸಗಳು, ಈ ಲೆಕ್ಕದಲ್ಲಿ ಮುಟ್ಟಬೇಡಿ.

ಹೊಣೆಯಲ್ಲಿ ಆಸ್ತಿ ಕಳೆದರೆ ನಿವ್ವಳ ಹೊಣೆ ₹3,381. ಡೆಫರ್ಡ್ ಟ್ಯಾಕ್ಸ್ ಖರ್ಚಿಗೆ ಡೆಬಿಟ್, ಹೊಣೆಗೆ ಕ್ರೆಡಿಟ್. ಮುಂದಿನ ವರ್ಷ ಕ್ಲೋಸಿಂಗ್ ಬಾಕಿಯನ್ನೇ ಪೂರ್ತಿ ಎಂಟ್ರಿ ಮಾಡಬೇಡಿ. ಓಪನಿಂಗ್‌ಗೂ ಕ್ಲೋಸಿಂಗ್‌ಗೂ ಇರುವ ಅಂತರ ಮಾತ್ರ. ಈ ತಪ್ಪಿನಿಂದ ಖರ್ಚು ವರ್ಷವರ್ಷ ಎರಡೆರಡು ಸಲ ಬೀಳುತ್ತದೆ.

ಹಿಂದಿನ ನಷ್ಟ ಅಥವಾ ಲಾಭ ಸಾಲದೆ ಕಳೆಯಲಾಗದೆ ಉಳಿದ ಸವಕಳಿಯಿದ್ದರೆ, ಅದರ ಮೇಲೆ ಡೆಫರ್ಡ್ ಟ್ಯಾಕ್ಸ್ ಆಸ್ತಿ ಹಿಡಿಯಲು ಮುಂದೆ ಲಾಭ ಖಚಿತವೆನ್ನಲು ಗಟ್ಟಿ ಪುರಾವೆ ಬೇಕು. ಸಹಿಯಾದ ಸರಬರಾಜು ಕರಾರು ನಡೆದೀತು. ಈ ಸಲ ಬಂಗಡೆ ಚೆನ್ನಾಗಿ ಬೀಳುತ್ತದೆ ಎಂಬ ಮಾತನ್ನು ಆಡಿಟರ್ ಒಪ್ಪುವುದಿಲ್ಲ.