'ಸೀಡ್' ಶಿಲ್ಪದ ಸುರುಳಿ ಜೇಡಿಮಣ್ಣಲ್ಲಿ ಮಾಡೋದು ಹೇಗೆ
ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರೋ ಈಡನ್ ಪ್ರಾಜೆಕ್ಟ್ ಅನ್ನೋ ಸಸ್ಯೋದ್ಯಾನಕ್ಕೆ ಪೀಟರ್ ರ‍್ಯಾಂಡಲ್-ಪೇಜ್ ಅವ್ರು ಕೆತ್ತಿದ 'ಸೀಡ್' ಅಂದ್ರೆ ಸುಮಾರು 70 ಟನ್ನಿನ ಗ್ರಾನೈಟ್ ಬೀಜ, 2007ರದ್ದು, ಮೈತುಂಬಾ ಸೂರ್ಯಕಾಂತಿ ಥರ ಸುರುಳಿ, ನಂಗಂತೂ ತುಂಬಾ ಇಷ್ಟ. ಅದರ ಲೆಕ್ಕ ಕೈಗೇ ಗೊತ್ತಾಗ್ಬೇಕಂದ್ರೆ ಮಾಡಿ ನೋಡ್ಬೇಕು.

ಪೇಪರ್ ಮಧ್ಯೆ ಚುಕ್ಕಿ ಇಟ್ಟು, ಅಲ್ಲಿಂದ ಕೋನಮಾಪಕದಲ್ಲಿ ಪ್ರತಿಸಲ 137.5 ಡಿಗ್ರಿ ತಿರುಗಿಸ್ತಾ ಚುಕ್ಕಿ ಹಾಕ್ತಾ ಹೋಗಿ, ದೂರ ಮಾತ್ರ ವರ್ಗಮೂಲದ ಲೆಕ್ಕ, ಅಂದ್ರೆ 1ನೇದು 1 ಸೆಂ.ಮೀ., 4ನೇದು 2, 9ನೇದು 3, ಹೀಗೆ 60ರವರೆಗೆ. ಕೋನ 135ಕ್ಕೆ ರೌಂಡ್ ಮಾಡ್ಬೇಡಿ, ಸುರುಳಿ ಹೋಗಿ ಬರೀ 8 ನೇರ ಸಾಲಾಗುತ್ತೆ!

ಆಮೇಲೆ ರೊಟ್ಟಿ ಥರ ತಟ್ಟಿದ ಹಸಿ ಮಣ್ಣಿನ ಮೇಲೆ ಪೇಪರ್ ಇಟ್ಟು ಸೂಜಿಯಿಂದ ಚುಚ್ಚಿ, ಪ್ರತಿ ಗುರುತಿಗೂ ಗೋಲಿಯಷ್ಟು ಮಣ್ಣುಂಡೆನ ನೀರುಮಣ್ಣು ಸವರಿ ಅಂಟಿಸಿ. ಅಂಚಲ್ಲಿ ಸುರುಳಿ ಎಣಿಸಿ, ಒಂದು ಕಡೆಗೆ 13, ಇನ್ನೊಂದು ಕಡೆಗೆ 21.