ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ, ಪ್ರಯಾಣದ ಅವಧಿ ಲೆಕ್ಕ ಹಾಕುವುದು ಹೇಗೆ?

ಮಗಳನ್ನೋ ಮೊಮ್ಮಗನನ್ನೋ ನೋಡಲು ಹೊರಟವರು ಟಿಕೆಟ್ ಮೇಲಿನ ಎರಡು ಸಮಯಗಳನ್ನು ನೇರವಾಗಿ ಕಳೆದು, ‘ಎರಡೂವರೆ ಗಂಟೆಯಲ್ಲಿ ಅಮೆರಿಕವೇ?’ ಎಂದು ಬೆರಗಾಗುತ್ತಾರೆ. ದೂರದ ಲೆಕ್ಕ ಸುಲಭ. ಎಡವುವುದೆಲ್ಲ ಗಡಿಯಾರದಲ್ಲಿ.

ದೂರ: ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ. 30 ಸೆಂ.ಮೀ. ವ್ಯಾಸದ ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದರೆ ಅದು ಟಿಬೆಟ್, ಪೂರ್ವ ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಸುಮಾರು 33 ಸೆಂ.ಮೀ. ಬರುತ್ತದೆ. ಒಂದು ಸೆಂ.ಮೀ.ಗೆ 425 ಕಿ.ಮೀ.ನಂತೆ 14,000 ಕಿ.ಮೀ. ಆಯಿತು. ಜಾಲತಾಣದಲ್ಲಿ ನೋಡುವುದಾದರೆ ಊರಿನ ಹೆಸರು ಬೇಡ, ಬಿಎಲ್‌ಆರ್, ಎಸ್‌ಎಫ್‌ಒ ಎಂಬ ವಿಮಾನ ನಿಲ್ದಾಣಗಳ ಸಂಕೇತಗಳನ್ನೇ ಕೊಡಿ. ಉತ್ತರ ಯಾವ ಮೈಲಿಯಲ್ಲಿದೆ ಎಂದೂ ಗಮನಿಸಿ: ನಾಟಿಕಲ್ ಮೈಲಿ 1.852 ಕಿ.ಮೀ., ಸಾಮಾನ್ಯ ಮೈಲಿ 1.609.

ಹಾರಾಟದ ಅವಧಿ: ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿ, ಏರಿಳಿತಕ್ಕೆ ಅರ್ಧ ಗಂಟೆ ಸೇರಿಸಿ. ಹದಿನಾರು ಗಂಟೆ ಬರುತ್ತದೆ. ದೂರವನ್ನು ವೇಗದಿಂದ ಭಾಗಿಸಿ ನಿಮಿಷದವರೆಗೂ ಸಮಯ ಹೇಳುವ ಉಚಿತ ಆ್ಯಪ್‌ಗಳನ್ನು ನಂಬಬೇಡಿ, ಅವು ಗಾಳಿಯನ್ನೂ ದಾರಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮಾನ ದಾರ ಎಳೆದಂತೆ ಹೋಗುವುದೂ ಇಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ, ಹಾಗಾಗಿ ಸುತ್ತಿ ಹೋಗುವುದೇ ರೂಢಿ.

ಗಡಿಯಾರ: ಇಲ್ಲಿ ಅವಸರ ಬೇಡ. ಟಿಕೆಟ್ ಮೇಲಿರುವುದು ಆಯಾ ಊರಿನ ಸಮಯ. ಎರಡೂ ಸಮಯಗಳನ್ನು ಭಾರತೀಯ ಕಾಲಮಾನಕ್ಕೆ ತಂದ ಮೇಲೆಯೇ ಕಳೆಯಿರಿ, ಅದೂ 24 ಗಂಟೆಯ ರೂಪದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ 13.30 ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ 12.30 ಗಂಟೆ. ಆ ಅರ್ಧ ಗಂಟೆಯನ್ನು ಮರೆಯುವವರೇ ಹೆಚ್ಚು.

ಜನವರಿಯಲ್ಲಿ ಬೆಂಗಳೂರಿನಿಂದ 14.30ಕ್ಕೆ ಹೊರಟು ಅಲ್ಲಿ ಅದೇ ದಿನ 17.00ಕ್ಕೆ ಇಳಿಯುತ್ತೀರಿ ಎನ್ನಿ. ಅಲ್ಲಿನ 17.00ಕ್ಕೆ 13.30 ಕೂಡಿಸಿದರೆ ಇಲ್ಲಿ ಮರುದಿನ ಬೆಳಿಗ್ಗೆ 6.30. ಅಂದರೆ ಪ್ರಯಾಣ 16 ಗಂಟೆ. ವಾಪಸು ಬರುವಾಗ ಹೊರಡುವ ಸಮಯವನ್ನು ಭಾರತೀಯ ಕಾಲಮಾನಕ್ಕೆ ತರಬೇಕು. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ಇದ್ದದ್ದು, ಅಲ್ಲಿಂದ ಹೊರಟದ್ದು ವೇಳಾಪಟ್ಟಿ ಪ್ರಕಾರ ರಾತ್ರಿ 20.30ಕ್ಕೆ, ಇಲ್ಲಿ ತಲುಪಬೇಕಿದ್ದದ್ದು 11ರ ನಸುಕಿನ 3.45ಕ್ಕೆ. ಹಾಗೇ ಕಳೆದರೆ 31.15 ಗಂಟೆ. 20.30ಕ್ಕೆ 13.30 ಕೂಡಿಸಿದರೆ ಅದು ಇಲ್ಲಿ 10ರ ಬೆಳಿಗ್ಗೆ 10 ಗಂಟೆ, ಅಲ್ಲಿಂದ 17.45 ಗಂಟೆ. ಉತ್ತರ ಧ್ರುವದ ಮೇಲೆ ಹಾದುಬಂದ ಆ ವಿಮಾನದ ದಾರಿ ಸುಮಾರು 16,000 ಕಿ.ಮೀ. ಇತ್ತು.

ಟಿಕೆಟ್‌ನ ಅವಧಿ ಗೇಟ್‌ನಿಂದ ಗೇಟ್‌ವರೆಗಿನದು, ರನ್‌ವೇಯತ್ತ ಸಾಗುವ ಹೊತ್ತೂ ಅದರಲ್ಲೇ ಸೇರಿದೆ. ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತುವುದಾದರೆ ಎರಡು ಹಾರಾಟಗಳ ದೂರವನ್ನು ಬೇರೆ ಬೇರೆ ತೆಗೆದು ಕೂಡಿಸಿ. ಕಾಯುವ ಸಮಯಕ್ಕೆ ಮಾತ್ರ ಆ ಊರಿನ ಗಡಿಯಾರವೇ ಸಾಕು.